ಟಿಕ್ ಬೀಳದ ಚೌಕ

ಜೂನ್ 13, ಮಂಗಳವಾರ, ಬೆಳಿಗ್ಗೆ 10.40. ನರ್ಸಿಂಗ್ ಹೋಮ್ ಒಂದರ ಔಷಧಿ ಕೌಂಟರಿನ ಮುಂದೆ ನನ್ನ ಚಿಕ್ಕಮ್ಮ ಒಂದು ಕೈಯಲ್ಲಿ ಕ್ಯಾಪ್ಸೂಲ್ ಹಿಡಿದು, ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಎತ್ತಿಕೊಂಡಿದ್ದರು. ಆ ಕ್ಯಾಪ್ಸೂಲ್ ಅವರ ಜೀವವನ್ನೇ ತೆಗೆಯಬಹುದಿತ್ತು.

(ಗಡಿಯಾರ ನೋಡಿ ಬರೆದಿಡುವುದು ನನ್ನ ಚಟ, ಈ ಅಂಕಣ ಓದುವ ನಿಮಗೆ ಹೊಸದಲ್ಲ.)

ಚಿಕ್ಕಮ್ಮ ಇರುವುದು ಕುಂಬಾರಕೊಪ್ಪಲಿನಲ್ಲಿ. ಗಂಟಲು ನೋವು, ಜ್ವರ ಅಂತ ಕರೆದುಕೊಂಡು ಹೋಗಿದ್ದೆ. ಎರಡು ವರ್ಷದ ಹಿಂದೆ ಅದೇ ನರ್ಸಿಂಗ್ ಹೋಮಿನಲ್ಲಿ ಪೆನಿಸಿಲಿನ್ ಇಂಜೆಕ್ಷನ್ ಚುಚ್ಚಿದಾಗ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ಐಸಿಯು ಸೇರಿದ್ದರು. ಅದನ್ನು ಅಂದೇ ಕಂಪ್ಯೂಟರಿಗೆ ಹಾಕಿದ್ದರು. ಇನ್ನೇನು ಭಯ? ಡಾಕ್ಟರು ಗಂಟಲಿಗೆ ಟಾರ್ಚ್ ಬಿಟ್ಟರು, ಚೀಟಿ ಬರೆದರು, ‘ಕೌಂಟರಲ್ಲಿ ಚೆಕ್ ಮಾಡಿ ಕೊಡ್ತಾರೆ’ ಎಂದರು.

ಕೌಂಟರಿನಲ್ಲಿದ್ದ ಶೈಲಜಾ ಎಂಬಾಕೆ ಚಿಕ್ಕಮ್ಮನ ಕಾರ್ಡ್ ನಂಬರ್ ಒತ್ತಿ, ಔಷಧಿಯ ಹೆಸರು ಹುಡುಕಿದರು. ಅಮಾಕ್ಸಿಸಿಲಿನ್. ಉತ್ತರ ತಕ್ಷಣ ಬಂತು: ಅಲರ್ಜಿ ಇಲ್ಲ.

‘ನಂಗೆ ಪೆನ್ಸಿಲಿನ್ ಆಗಲ್ಲ ಕಣಮ್ಮ’ ಎಂದರು ಚಿಕ್ಕಮ್ಮ.

‘ಇದು ಪೆನ್ಸಿಲಿನ್ ಅಲ್ಲ ಆಂಟಿ, ಬೇರೆ. ಸಿಸ್ಟಮ್ಮೇ ಹೇಳ್ತಿದೆಯಲ್ಲ!’

ಕಂತೆ ಬಿಚ್ಚಿ ನೋಡದೆ ಸೊಪ್ಪು ಕೊಳ್ಳದ ಹೆಂಗಸು ನಮ್ಮ ಚಿಕ್ಕಮ್ಮ. ಸಿಸ್ಟಮ್ ಹೇಳಿದ್ದೇ ತಡ, ಶೈಲಜಾ ಕೊಟ್ಟ ಕ್ಯಾಪ್ಸೂಲ್ ಹಿಡಿದು ಬಾಟಲಿಯ ಮುಚ್ಚಳ ತಿರುಗಿಸಿದರು.

ನನಗೆ ಮಾತ್ರ ಒಂದು ಅನುಮಾನ. ಅಂದು ಹಾಕಿದ ಪೆನಿಸಿಲಿನ್ ವಿಷಯ ಎಲ್ಲಿ ಹೋಯಿತು? ‘ಒಂದ್ನಿಮಿಷ ತಡೀರಿ’ ಎಂದು ಪರದೆಯತ್ತ ಬಗ್ಗಿದೆ. ಹುಡುಕುವ ಜಾಗದ ಕೆಳಗೆ ಒಂದು ಖಾಲಿ ಚೌಕ. ಪಕ್ಕದಲ್ಲಿ, ಔಷಧಿಯ ಗುಂಪನ್ನೂ ಸೇರಿಸಿ ಹುಡುಕು ಎಂಬ ಅರ್ಥದ ಇಂಗ್ಲಿಷ್ ಸಾಲು.

‘ಇದೇನ್ರೀ?’

‘ಅದನ್ನ ಒತ್ತಬೇಡಿ ಅಂದಿದಾರೆ ಸರ್. ಒತ್ತಿದ್ರೆ ಸಿಸ್ಟಮ್ ಹ್ಯಾಂಗ್ ಆಗ್ಬುಡತ್ತೆ. ಕ್ಯೂ ಗೇಟ್ ದಾಟತ್ತೆ.’

‘ಒಂದ್ಸಲ ಒತ್ತಿ.’

ಹಿಂದಿದ್ದ ಯಜಮಾನರಿಗೆ ರೇಗಿತು. ‘ಬೇಗ ಮಾಡ್ರೀ! ಮಾತ್ರೆ ಕೊಡೋಕೂ ಜಾತಕ ನೋಡ್ತೀರಾ?’

ಟಿಕ್ ಬಿತ್ತು. ಪರದೆಯಲ್ಲಿ ಮರಳು ಗಡಿಯಾರ ತಿರುಗತೊಡಗಿತು. ನಾಲ್ಕು ನಿಮಿಷ. ಆಮೇಲೆ ಕೆಂಪು ಅಕ್ಷರದಲ್ಲಿ ಚಿಕ್ಕಮ್ಮನ ಹೆಸರು: ಪೆನಿಸಿಲಿನ್ ಗುಂಪು, ತೀವ್ರ ಅಲರ್ಜಿ.

ಶೈಲಜಾ ಎದ್ದು ನಿಂತು ಚಿಕ್ಕಮ್ಮನ ಕೈಯಿಂದ ಕ್ಯಾಪ್ಸೂಲ್ ಕಿತ್ತುಕೊಂಡರು.

ಆದದ್ದು ಇಷ್ಟೇ. ಆ ಸಾಫ್ಟ್‌ವೇರಿನಲ್ಲಿ ಔಷಧಿಗಳಿಗೊಂದು ವಂಶವೃಕ್ಷವಿದೆ. ಪೆನಿಸಿಲಿನ್ ಎಂಬುದು ಮನೆತನ, ಅಮಾಕ್ಸಿಸಿಲಿನ್ ಅದರ ಕುಡಿ. ಅಂದು ಅಲರ್ಜಿಯನ್ನು ಮನೆತನದ ಹೆಸರಿನಲ್ಲಿ ಬರೆದಿದ್ದಾರೆ. ಇಂದು ಕುಡಿಯ ಹೆಸರಿನಲ್ಲಿ ಹುಡುಕಿದ್ದಾರೆ. ಟಿಕ್ ಹಾಕದಿದ್ದರೆ ಯಂತ್ರ ಮರ ಹತ್ತುವುದಿಲ್ಲ. ಎಷ್ಟು ಕೇಳಿದರೋ ಅಷ್ಟಕ್ಕೇ ಉತ್ತರ! ಯಾರೋ ಬುದ್ಧಿವಂತರು ಇಷ್ಟೆಲ್ಲ ಯೋಚಿಸಿ ಆ ಚೌಕ ಇಟ್ಟರು. ನಾವು ಕ್ಯೂ ಕರಗಲಿ ಅಂತ ಅದನ್ನು ಮುಟ್ಟದೆ ಬಿಟ್ಟೆವು.

‘ಬದನೆಕಾಯಿ ಆಗಲ್ಲ ಅಂದೋಳಿಗೆ ವಾಂಗಿಬಾತ್ ಬಡಿಸ್ದಂಗಾಯ್ತಲ್ಲೋ!’ ಎಂದರು ಚಿಕ್ಕಮ್ಮ. ನಕ್ಕರು. ಬಾಟಲಿಯ ಮುಚ್ಚಳವನ್ನು ಮತ್ತೆ ಬಿಗಿದರು.

ಡಾಕ್ಟರ ಬಳಿ ವಾಪಸ್ ಹೋದೆವು. ಅವರು ಚೀಟಿ ಹರಿದು ಬೇರೆ ಔಷಧಿ ಬರೆದರು. ‘ಮೊದ್ಲೆಲ್ಲ ನಾನೇ ಕೇಳ್ತಿದ್ದೆ ಕಣ್ರೀ, ಏನಾದ್ರೂ ಆಗಲ್ವಾ ಅಂತ. ಈಗ ಕಂಪ್ಯೂಟರ್ ನೋಡ್ಕೊಳ್ಳತ್ತಲ್ಲ ಅಂತ...’

ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಬೆಚ್ಚಿಬೀಳಿಸಿದ್ದು ಈ ಮಾತು. ಡಾಕ್ಟರು ಕಂಪ್ಯೂಟರನ್ನು ನಂಬಿದರು, ಶೈಲಜಾ ಪರದೆಯನ್ನು ನಂಬಿದರು, ಚಿಕ್ಕಮ್ಮ ಶೈಲಜಾರನ್ನು ನಂಬಿದರು. ಹಾಗಾದರೆ ನೋಡಿದವರು ಯಾರು?

ನಾವು ಹೊರಡುವಾಗ ಶೈಲಜಾ ಮುಂದಿನವರ ಕಾರ್ಡ್ ತೆಗೆದುಕೊಂಡಿದ್ದರು. ಕ್ಯೂ ನಿಜಕ್ಕೂ ಗೇಟ್ ದಾಟಿತ್ತು. ಚೌಕ ಮತ್ತೆ ಖಾಲಿಯಾಗಿತ್ತೋ ಏನೋ, ಬಗ್ಗಿ ನೋಡುವ ಧೈರ್ಯವಾಗಲಿಲ್ಲ.

ಇಂಥ ಸಾಫ್ಟ್‌ವೇರ್ ಬಲ್ಲವರು, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ದಯವಿಟ್ಟು ಬರೆಯಿರಿ: ನಿಮ್ಮಲ್ಲಿ ಆ ಚೌಕಕ್ಕೆ ಟಿಕ್ ಬೀಳುತ್ತದೆಯೇ?