ಮೂಡಲಗಿಯಲ್ಲಿ ಕೇಳಿಸಿದ್ದು

ಬಾಸ್ ಗಿಟಾರಿಗೆ ನಾಲ್ಕೇ ತಂತಿ. ಗೋಕಾಕದ ಸುತ್ತ ಯಾವ ಊರಿಗೆ ಹೋದರೂ ಸ್ಟೇಜಿನ ಹತ್ತಿರ ಒಬ್ಬನಾದರೂ ಬಂದು, "ಉಳಿದ ಎರಡ ತಂತಿ ಹರದಾವೇನ್ರಿ?" ಎಂದು ಕೇಳುತ್ತಾನೆ. ಮೊದಲ ಹತ್ತು ವರ್ಷ ಬಿಡಿಸಿ ಹೇಳಿದೆ. ಆಮೇಲೆ, "ಹೌದ್ರಿ, ಇಲಿ ಕಡದಾವು" ಎನ್ನತೊಡಗಿದೆ. ಅದಾದರೆ ಅವರಿಗೆ ಬೇಗ ತಿಳಿಯುತ್ತದೆ.

ಇಪ್ಪತ್ತಾರು ವರ್ಷ ಇದೇ ನನ್ನ ಹೊಟ್ಟೆಪಾಡು. ಮದುವೆಯ ಆರ್ಕೆಸ್ಟ್ರಾ, ನಾಟಕ ಕಂಪನಿ, ಉರುಸಿನ ಕವ್ವಾಲಿ, ಗಡಿಯಾಚೆಯ ಲಾವಣಿ, ನಿಡಸೋಸಿ ಕಡೆ ವಚನಗಾಯನ, ಎಲ್ಲಿ ಕರೆದರೂ ಹೋದೆ. ಕರೆದವರ ತಾಳಕ್ಕೆ ಹೊಂದಿಕೊಂಡೆ. ಡೊಳ್ಳಿನವರ ಜೊತೆ ನುಡಿಸಿದ ದಿನ ಮಾತ್ರ ನನ್ನ ಸದ್ದು ನನಗೇ ಕೇಳಿಸಲಿಲ್ಲ. ಹೆಂಡತಿಗಂತೂ ಎಂದೂ ಕೇಳಿಸಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳನ್ನು ಒಂದು ಕಾರ್ಯಕ್ರಮಕ್ಕೆ ಕರೆದೊಯ್ದಿದ್ದೆ. ಮನೆಗೆ ಬಂದ ಮೇಲೆ, "ಹಾಡಾವ್ರದು ಕೇಳ್ತು, ತಬಲಾ ಕೇಳ್ತು. ನಿಮ್ಮದು ಯಾವುದ್ರಿ?" ಎಂದಳು. ನಗುತ್ತಲೇ ಕೇಳಿದ್ದಳು. ನನಗೋ ಸಿಟ್ಟು ನೆತ್ತಿಗೇರಿ ಎರಡು ದಿನ ಮಾತು ಬಿಟ್ಟೆ. ಆಮೇಲೆ ಅವಳನ್ನು ಎಲ್ಲಿಗೂ ಕರೆಯಲಿಲ್ಲ.

ಹೋದ ವರ್ಷ ಎಡಗೈಯ ಕೊನೆಯ ಎರಡು ಬೆರಳು ಜೋಮು ಹಿಡಿದವು. ಜೋಮು ಬಿಡಲೇ ಇಲ್ಲ. ಬಿಸಿ ಚಹಾದ ಲೋಟ ಹಿಡಿದರೂ ಆ ಬೆರಳುಗಳಿಗೆ ಸುಡುತ್ತಿರಲಿಲ್ಲ. ಮೊಣಕೈಯ ಹತ್ತಿರ ನರ ಒತ್ತಿದೆ ಎಂದ ಡಾಕ್ಟರು ಗುಳಿಗೆ ಕೊಟ್ಟು, ನುಡಿಸುವುದನ್ನು ಬಿಡಿ ಎಂದರು. ಗುಳಿಗೆ ನುಂಗಿದೆ, ನುಡಿಸುವುದನ್ನು ಬಿಡಲಿಲ್ಲ. ಹೆಂಡತಿಗಲ್ಲದೆ ಬೇರೆ ಯಾರಿಗೂ ಹೇಳಲೂ ಇಲ್ಲ. ಹೇಳಿದರೆ ಆರ್ಕೆಸ್ಟ್ರಾದ ಮಾಲಕರು ಮರುದಿನವೇ ಬೇರೆಯವನನ್ನು ತಂದು ನಿಲ್ಲಿಸುತ್ತಾರೆ ಎಂಬ ಹೆದರಿಕೆ. ಬೆರಳು ತಂತಿಯ ಮೇಲಿದೆಯೋ ಇಲ್ಲವೋ ಎಂದು ನೋಡಿ ನೋಡಿ ನುಡಿಸುತ್ತಿದ್ದೆ. ಸ್ವರ ತಪ್ಪುತ್ತಿದ್ದವು. ಜೊತೆಯವರು ಏನೂ ಅನ್ನಲಿಲ್ಲ.

ಅಷ್ಟರಲ್ಲಿ ಮೂಡಲಗಿಯಲ್ಲಿ ಮಹಿಳಾ ಸಂಘದ ಕಾರ್ಯಕ್ರಮ ಬಂತು. ಹೆಂಡತಿಯ ತಂಗಿ ಆ ಸಂಘದವಳು. ಅವಳ ಒತ್ತಾಯಕ್ಕೆ ಹೆಂಡತಿಯೂ ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ನನ್ನ ಗಿಟಾರಿನ ವಾಯರು ನೇರ ಸೌಂಡ್ ಸಿಸ್ಟಮ್ಮಿನ ಮಿಕ್ಸರಿಗೆ ಹೋಗುತ್ತದೆ. ವಾಯರಿಲ್ಲದೆ ಸದ್ದಿಲ್ಲ, ಬಂದರೆ ದೊಡ್ಡ ಸ್ಪೀಕರಿನಿಂದಲೇ ಬರಬೇಕು. ಅಂದು ಅದರಿಂದ ನನ್ನ ಬಾಸ್ ಒಂದು ಸ್ವರವೂ ಜಾರದೆ ಬಂತು. ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ, ಕಿವಿಗೆ ತಿಳಿಯುತ್ತಿತ್ತು. ಇಷ್ಟು ವರ್ಷದ ರೂಢಿ, ಕೈ ತಾನೇ ದಾರಿ ಹಿಡಿದಿದೆ ಎಂದುಕೊಂಡೆ.

ಬಸ್ಸಿನಲ್ಲಿ ಹೆಂಡತಿ, "ಇವತ್ತ ಕೇಳ್ತ ನೋಡ್ರಿ ನಿಮ್ಮದು. ಧುಂ ಧುಂ ಅಂತ ಎದಿಗೇ ಬಡೀತು" ಎಂದಳು. ಮರುದಿನ ಅವಳು ಹೋಳಿಗೆ ಮಾಡಿದಳು. ನಾನು ಗುಳಿಗೆ ಬಿಟ್ಟೆ.

ಎರಡು ತಿಂಗಳು ಹಾಗೇ ಚೆನ್ನಾಗಿ ನಡೆಯಿತು. ಆಮೇಲೆ ಹುಕ್ಕೇರಿಯಲ್ಲೊಂದು ಮದುವೆ. ಅಕ್ಷತೆಯ ಅಕ್ಕಿಕಾಳು ಬಿದ್ದು, ಮಂದಿ ಊಟಕ್ಕೆ ಕುಳಿತಿದ್ದರು. ಮದುಮಕ್ಕಳಿಗೆ ಆಯೇರಿನ ಉಡುಗೊರೆ ಕೊಡಲು ಸ್ಟೇಜ್ ಹತ್ತಿದ ಮುದುಕರೊಬ್ಬರು ನನ್ನ ವಾಯರನ್ನು ಎಡವಿದರು. ಗಿಟಾರಿನಿಂದ ಪಿನ್ನು ಕಿತ್ತು ಕೆಳಗೆ ಬಿತ್ತು.

ಬಾಸ್ ನಿಲ್ಲಲಿಲ್ಲ. ಹಾಡಿನ ಕೆಳಗೆ ಸರಿಯಾಗಿ, ತಪ್ಪಿಲ್ಲದೆ ನಡೆದೇ ಇತ್ತು.

ಹಾಡು ಮುಗಿಯುವವರೆಗೆ ಸುಮ್ಮನೆ ಬೆರಳಾಡಿಸುತ್ತ ನಿಂತೆ. ಆಮೇಲೆ ಮಿಕ್ಸರ್ ನಡೆಸುವವನ ಹತ್ತಿರ ಹೋಗಿ, "ಎಂದಿನಿಂದ ನಡದೈತಿ ಇದು?" ಎಂದೆ.

ಅವನು ತಲೆ ತಗ್ಗಿಸಿದ. "ಮೂಡಲಗಿಯಿಂದ್ರಿ ಕಾಕಾ. ಮಾಲಕರ ಹೇಳಿದ್ರು. ನಿಮ್ಮನ್ನ ಬಿಡಸಾಕ ಯಾರಿಗೂ ಮನಸ ಬರಲಿಲ್ಲ. ನಿಮ್ಮ ವಾಯರ್ ಬಂದ್ ಮಾಡಿ ರೆಕಾರ್ಡಿಂಗ್ ಹಾಕತೀವ್ರಿ. ಅದೂ ನಿಮ್ಮದ ಹಳೇದ ಐತ್ರಿ, ಬ್ಯಾರೆ ಯಾರದೂ ಅಲ್ಲ."

ನಾನು ಮುಂಗೋಪಿ. ಬೇರೆ ದಿನವಾಗಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದೆ. ಅಂದು ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಎರಡು ಬೆರಳಿನ ಜೋಮು ಮೈಗೆಲ್ಲ ಹಬ್ಬಿದಂತಾಗಿತ್ತು. ಊಟಕ್ಕೆ ಕರೆದರು, ಹೋಗಿ ಕುಳಿತೆ, ಬಡಿಸಿದ್ದನ್ನೆಲ್ಲ ಉಂಡೆ. ಪಕ್ಕದಲ್ಲಿ ಬಂದು ಕುಳಿತ ಮಾಲಕರು ಎಲೆ ನೋಡುತ್ತಲೇ, "ಸೋಮವಾರ ಮಮದಾಪುರ ಐತಿ ಮಾಸ್ತರ. ಬರ್ರಿ. ನೀವ ನಿಂತ್ರ ಸ್ಟೇಜ್ ತುಂಬತೈತಿ" ಎಂದರು. "ಆತ್ರಿ" ಎಂದೆ.

ಹೇಳಿಬಿಡಬೇಕೆಂದೇ ಮನೆಗೆ ಬಂದೆ. ಹೆಂಡತಿ ರೊಟ್ಟಿ ಬಡಿಯುತ್ತ, ಆ ಬಡಿತಕ್ಕೆ ಸರಿಯಾಗಿ ಗುನುಗುತ್ತಿದ್ದಳು. ಗುನುಗುತ್ತಿದ್ದದ್ದು ಹಾಡನ್ನಲ್ಲ, ಮೂಡಲಗಿಯಲ್ಲಿ ಕೇಳಿದ ಆ ಧುಂ ಧುಂ. ನನ್ನನ್ನು ಕಂಡು ನಾಚಿ ನಿಲ್ಲಿಸಿದಳು.

"ಇದ ಹೌದಲ್ರಿ ನಿಮ್ಮದು?"

"ಹೌದು, ನಂದ" ಎಂದೆ.

ಸೋಮವಾರ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಹೊರಟೆ. ವಾಯರನ್ನು ಗೂಟದಲ್ಲೇ ಬಿಟ್ಟಿದ್ದೆ. ಓಣಿಯ ತಿರುವಿನಲ್ಲಿ ಅವಳ ಕೂಗು ಕೇಳಿಸಿತು. "ಅಯ್ಯ, ನಿಂದರ್ರಿ! ವಾಯರ್ ಮರ್ತ ಹೊಂಟೀರಿ! ಇದಿಲ್ದ ಹೆಂಗ ಕೇಳಸತೈತಿ ಮಂದೀಗಿ?" ಹಿಟ್ಟಿನ ಕೈಯಲ್ಲೇ ಓಡಿಬಂದಿದ್ದಳು. ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ.