ಕಿಟಕಿ ಪಕ್ಕದ ಐದನೆಯ ಕಂಪ್ಯೂಟರ್

ಸ್ಪಾಸ್ ತ್ಸೇನೊವ್‌ನನ್ನು ಬೈಯಲು ಹೊರಟವರೆಲ್ಲ ಕೊನೆಗೆ ಅವನಿಗೇ ಕಾಫಿ ಕೊಡಿಸಿ ವಾಪಸಾಗಿದ್ದಾರೆ. ನಾನೂ ಅಂಥವಳೇ. ಆದರೆ ಮಾರ್ಚ್ ತಿಂಗಳ ಆ ಶುಕ್ರವಾರದ ವಿಷಯಕ್ಕೆ ಇವತ್ತಿಗೂ ನನಗೆ ಅವನ ಮೇಲೆ ಕೋಪವಿದೆ. ಅವನಿಗಿಂತ ಹೆಚ್ಚು ನನ್ನ ಮೇಲಿದೆ.

ಡ್ಯಾನ್ಯೂಬ್ ದಡದ ನಮ್ಮ ಊರಿನಲ್ಲಿ ಮೊದಲು ಹಡಗುಕಟ್ಟೆ ಮುಚ್ಚಿತು, ಆಮೇಲೆ ಕೇಬಲ್ ಕಾರ್ಖಾನೆ, ಹೋದ ವರ್ಷ ಹೊಲಿಗೆ ಕಾರ್ಖಾನೆ. ಉಳಿದದ್ದು ಓದುಮನೆಯೊಂದೇ. ಅಲ್ಲಿ ಪುಸ್ತಕಗಳು ನನ್ನ ಪಾಲು, ಕಂಪ್ಯೂಟರುಗಳು ಸ್ಪಾಸ್‌ನ ಪಾಲು. ಕೇಬಲ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು, ಕೆಲಸ ಹೋದ ಮೇಲೆ ತಾನಾಗಿಯೇ ಕಲಿತು ಕೂತವನು. ಐವತ್ತೆಂಟು ವಯಸ್ಸು, ಅಗಲ ಬೆನ್ನು, ಯಾರ ಮನೆಗೆ ಹೋದರೂ ಬೂಟು ಬಾಗಿಲಾಚೆಯೇ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂರುವ ಸ್ವಭಾವ.

ನಮ್ಮಲ್ಲಿದ್ದ ಐದು ಕಂಪ್ಯೂಟರುಗಳೂ ಯಾರೋ ಕೊಟ್ಟವು. ಐದನ್ನೂ ಓಡಿಸುತ್ತಿದ್ದದ್ದು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯೇ, ಆದರೆ ಐದೂ ಬೇರೆ ಬೇರೆ ಮನೆತನದವು. ಶಾಲೆ ಕೊಟ್ಟದ್ದರಲ್ಲಿ ಉಬುಂಟು, ಪಾದ್ರಿಗಳು ಕೊಟ್ಟದ್ದರಲ್ಲಿ ಡೆಬಿಯನ್, ಊರು ಬಿಟ್ಟುಹೋದ ಎಂಜಿನಿಯರ್ ಕೊಟ್ಟದ್ದರಲ್ಲಿ ಫೆಡೋರಾ, ಜರ್ಮನಿಯಿಂದ ಬಂದದ್ದರಲ್ಲಿ ಓಪನ್‌ಸೂಸೆ. ಎಲ್ಲವನ್ನೂ ಅಳಿಸಿ ಒಂದೇ ಹಾಕಬಾರದೇ ಎಂದು ನಾನು ಎಷ್ಟೋ ಸಲ ಕೇಳಿದ್ದೆ. "ಸೊಸೆ ತವರಿಂದ ತಂದ ಪಾತ್ರೇನ ಯಾರಾದ್ರೂ ಎಸೀತಾರಾ, ಅಕ್ಕ? ಓಡ್ತಿರೋದನ್ನ ಓಡೋಕೆ ಬಿಡು" ಎನ್ನುತ್ತಿದ್ದ.

ಐದನೆಯದು ಕಿಟಕಿ ಪಕ್ಕದ್ದು. ನದಿಯಲ್ಲಿ ಸರಕು ಎಳೆಯುವ ಟಗ್ ದೋಣಿಗಳಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದ ಗೆಂಚೊ ಎಂಬ ಮುದುಕನದು. ಅವನು ಸತ್ತ ನಲವತ್ತನೆಯ ದಿನ ಅವನ ಹೆಂಡತಿ ವೆಲಿಕ, ಅಂಗಿ ಕೋಟುಗಳನ್ನು ನೆರೆಯವರಿಗೆ ಹಂಚಿ, ಕಂಪ್ಯೂಟರನ್ನು ನಮಗೆ ಕೊಟ್ಟಳು. ಸತ್ತವರ ಹೆಸರಿನಲ್ಲಿ ಕೊಟ್ಟ ವಸ್ತುವನ್ನು ಬೇಡ ಎನ್ನುವಂತಿಲ್ಲ. "ದೇವರು ಅವನನ್ನು ಕ್ಷಮಿಸಲಿ" ಎಂದು ಹೇಳಿ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಸ್ಪಾಸ್ ಹಾಗೇ ತೆಗೆದುಕೊಂಡ. ಅದರಲ್ಲಿ ಆರ್ಚ್ ಎಂಬ ಲಿನಕ್ಸ್ ಇತ್ತು. ಪರದೆಯ ತುಂಬ ಒಂದು ಟಗ್ ದೋಣಿಯ ಚಿತ್ರ, ಅದರ ಮೇಲೆ ಗೆಂಚೊ ಅರ್ಧಕ್ಕೆ ಬಿಟ್ಟುಹೋದ ಚದುರಂಗದಾಟ. ಬಿಳಿಯ ನಡೆ ಬಾಕಿ. ವೆಲಿಕ ಪ್ರತಿ ಗುರುವಾರ ಕಾದಂಬರಿ ಬದಲಾಯಿಸಲು ಬರುತ್ತಿದ್ದಳು. ಸ್ಪಾಸ್ ಕುರ್ಚಿ ಒರೆಸಿ, ಆ ಕಂಪ್ಯೂಟರ್ ಹಚ್ಚಿ, ಆಟ ತೆರೆದು, ತಾನು ದೂರ ಸರಿಯುತ್ತಿದ್ದ. ಅವಳು ಕಾಲು ಗಂಟೆ ಸುಮ್ಮನೆ ಕೂತು, ನಿಟ್ಟುಸಿರು ಬಿಟ್ಟು ಎದ್ದು ಹೋಗುತ್ತಿದ್ದಳು.

ಸ್ಪಾಸ್‌ನ ಹೆಂಡತಿ ತ್ಸೇತ್ಸ್ಕ ಹೊಲಿಗೆ ಕಾರ್ಖಾನೆಯಲ್ಲಿದ್ದವಳು. ಅದು ಮುಚ್ಚಿದ ಮೇಲೆ ಊರಿನ ಹೆಂಗಸರಿಗೆಲ್ಲ ಉಳಿದ ದಾರಿ ಒಂದೇ: ಇಟಲಿಗೆ ಹೋಗಿ ಯಾರದೋ ಮುದಿ ತಾಯಿಯನ್ನು ನೋಡಿಕೊಳ್ಳುವುದು. ಹಾಗೆ ಹೋದವರಲ್ಲಿ ತಿರುಗಿ ಬಂದು ನೆಲೆಸಿದವರನ್ನು ನಾನು ಕಂಡಿಲ್ಲ. ತ್ಸೇತ್ಸ್ಕಳಿಗೂ ಬೆರ್ಗಮೊದಲ್ಲಿ ಒಂದು ಮನೆ ಗೊತ್ತಾಗಿತ್ತು. ಶನಿವಾರ ಬೆಳಿಗ್ಗೆಯ ಬಸ್ಸು.

ಬುಧವಾರ ಸೋಫಿಯಾದ ಒಂದು ಕಂಪನಿಯಿಂದ ಫೋನ್ ಬಂತು. ಹಳೆಯ ಜಮೀನು ದಾಖಲೆಗಳನ್ನು ನೋಡಿ ಟೈಪ್ ಮಾಡುವ ಕೆಲಸ, ಐದು ಜನಕ್ಕೆ. ಸೋಫಿಯಾದ ಸರ್ವರಿನ ಪರದೆಯನ್ನು ಇಲ್ಲಿಂದಲೇ ತೆರೆದು, ಅಲ್ಲೇ ಕೂತಂತೆ ಕೆಲಸ ಮಾಡಬೇಕು. ಅದಕ್ಕೆ ಬೇಕಾದ ಪ್ರೋಗ್ರಾಂ ಐದೂ ಕಂಪ್ಯೂಟರಿನಲ್ಲಿ ಡಿಸ್ಕಿನ ಮೇಲೇ ಇರಬೇಕು, ಪೆನ್ ಡ್ರೈವಿನಿಂದ ಓಡಿಸುವಂತಿಲ್ಲ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಐದೂ ಒಟ್ಟಿಗೆ ಅವರಿಗೆ ಕಾಣಿಸಿದರೆ ಕೆಲಸ ನಮಗೆ. ಇಲ್ಲವಾದರೆ ಪಟ್ಟಿಯಲ್ಲಿರುವ ಮುಂದಿನ ಊರಿಗೆ. ಐವರಲ್ಲಿ ತ್ಸೇತ್ಸ್ಕಳ ಹೆಸರೂ ಇತ್ತು.

"ಐದೂ ಕಾಣಿಸ್ತಾವೆ. ಬಿಚ್ಚಿಡೇ ಆ ಪೆಟ್ಟಿಗೇನ" ಎಂದು ಸ್ಪಾಸ್ ಹೆಂಡತಿಗೆ ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿದೆ.

ಉಬುಂಟುವಿನಲ್ಲಿ ರೆಮ್ಮಿನ ಎಂಬ ಆ ಪ್ರೋಗ್ರಾಂ ಮೊದಲೇ ಇತ್ತು. ಡೆಬಿಯನ್‌ನಲ್ಲಿ ಅದನ್ನು ಹಾಕಿದ ಮೇಲೆ, ಸೋಫಿಯಾದ ಸರ್ವರಿನ ಜೊತೆ ಮಾತಾಡುವ ತುಂಡನ್ನು ಬೇರೆಯಾಗಿ ಹಾಕಬೇಕಾಯಿತು. ಫೆಡೋರಾದಲ್ಲಿ ಅದೇ ತುಂಡಿನ ಹೆಸರಿಗೆ ಒಂದಕ್ಷರ ಹೆಚ್ಚು. ಅದು ಗೊತ್ತಾಗಲು ಎರಡು ಗಂಟೆ ಹೋಯಿತು. ಓಪನ್‌ಸೂಸೆ, ಇದನ್ನು ಹಾಕಿದರೆ ಅದು ಮುರಿಯುತ್ತದೆ, ಮೂರು ದಾರಿಯಲ್ಲಿ ಒಂದನ್ನು ಆರಿಸಿಕೋ ಎಂದಿತು. "ಮದುವೆ ದಲ್ಲಾಳಿ ಥರ ಇವನು. ಮೂರು ಸಂಬಂಧ ತೋರಿಸ್ತಾನೆ, ಮೂರಕ್ಕೂ ಒಂದೊಂದು ಕಣ್ಣಿಲ್ಲ" ಎಂದು ಸ್ಪಾಸ್ ನಕ್ಕ. ಗುರುವಾರ ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಸಿದ್ಧ. ಅವನು ನಕ್ಕದ್ದು ಅದೇ ಕೊನೆ.

ಗೆಂಚೊನ ಕಂಪ್ಯೂಟರಿಗೆ ಅವನು ಸತ್ತ ಮೇಲೆ ಯಾರೂ ಹೊಸದೇನನ್ನೂ ಹಾಕಿರಲಿಲ್ಲ. ಆರ್ಚ್‌ಗೆ ಹಾಗೆ ಬಿಟ್ಟರೆ ಆಗದು. ಒಂದು ಚಿಕ್ಕ ಪ್ರೋಗ್ರಾಂ ಬೇಕೆಂದರೂ ಇಡೀ ಮನೆಯನ್ನೇ ಹೊಸದು ಮಾಡಬೇಕು. ಹೊಸದು ಮಾಡಿದರೆ ಗೆಂಚೊನ ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಬೆಂಬಲವಿಲ್ಲ, ಪರದೆಯೇ ಬರುವುದಿಲ್ಲ. ಡಿಸ್ಕ್ ಚಿಕ್ಕದು, ದೋಣಿಗಳ ಚಿತ್ರ ತೆಗೆದರೂ ಪಕ್ಕದಲ್ಲಿ ಇನ್ನೊಂದು ಲಿನಕ್ಸ್ ಹಾಕಲು ಜಾಗವಿಲ್ಲ. ಬೇರೆ ಡಿಸ್ಕ್ ತರಿಸಿದರೆ ಸೋಮವಾರಕ್ಕೆ ಬರುತ್ತದೆ. ಉಳಿದದ್ದು ಒಂದೇ, ಎಲ್ಲ ಅಳಿಸಿ ಉಬುಂಟು ಹಾಕುವುದು. ಚಿತ್ರಗಳನ್ನು ನಕಲು ಮಾಡಿ ಇಡಬಹುದಿತ್ತು, ಆದರೆ ಗೆಂಚೊ ಬಿಟ್ಟುಹೋದ ಹಾಗೆ ಆ ಪರದೆ ಮತ್ತೆ ಬರುವುದಿಲ್ಲ.

"ಅಳಿಸು ಮತ್ತೆ" ಎಂದೆ.

"ನಾಳೆ ಏನು ದಿನ ಗೊತ್ತಾ ಅಕ್ಕ?"

ಗೊತ್ತಿತ್ತು. ಓದುಮನೆಯ ಬಾಗಿಲಿಗೇ ಕಾಗದ ಅಂಟಿಸಿದ್ದರು, ಗೆಂಚೊನ ಫೋಟೊ ಸಮೇತ: ನೀನಿಲ್ಲದೆ ಒಂದು ವರ್ಷ. ಅದರ ತಯಾರಿಯಲ್ಲಿ ವೆಲಿಕ ಈ ಗುರುವಾರ ಕಾದಂಬರಿ ಬದಲಾಯಿಸಲು ಬಂದಿರಲಿಲ್ಲ; ಶುಕ್ರವಾರ ಚರ್ಚು ಮುಗಿಸಿ, ಬೇಯಿಸಿದ ಗೋಧಿ ಹಂಚಲು ಇಲ್ಲಿಗೇ ಬರುವವಳು.

"ವೆಲಿಕಕ್ಕನ್ನ ಒಂದು ಮಾತು ಕೇಳು."

"ಹೆಂಗೆ ಕೇಳ್ಲಿ? ವರ್ಷದ ದಿನ ಹೋಗಿ, ನಿನ್ನ ಗಂಡನ್ನ ಅಳಿಸ್ಲಾ ಅಂತ ಕೇಳ್ಲಾ? ನಿನ್ನ ಬಾಯಲ್ಲಿ ಬರುತ್ತಾ ಹೇಳು, ನೀನೇ ಕೇಳು."

ನನ್ನ ಬಾಯಲ್ಲೂ ಬರಲಿಲ್ಲ. ನಮ್ಮ ಊರಿನಲ್ಲಿ ದುಃಖದಲ್ಲಿರುವವರನ್ನು ಏನನ್ನೂ ಕೇಳುವುದಿಲ್ಲ. ಅವರ ಮನಸ್ಸಿನಲ್ಲಿ ಏನಿದೆ ಎಂದು ನಾವೇ ಊಹಿಸಿ, ಅದಕ್ಕೆ ತಕ್ಕಂತೆ ಮೆಲ್ಲಗೆ ನಡೆದುಕೊಳ್ಳುತ್ತೇವೆ. ಇದನ್ನು ಒಳ್ಳೆಯತನ ಎಂದು ನಮ್ಮ ತಾಯಂದಿರು ಕಲಿಸಿದ್ದರು. ನಾನು ಪುಸ್ತಕಗಳ ಕಡೆಗೆ ತಿರುಗಿಕೊಂಡೆ.

ಶುಕ್ರವಾರ ಹನ್ನೊಂದೂವರೆಗೆ ಹೆಂಗಸರು ಬಂದರು. ಐದನೆಯ ಕುರ್ಚಿ ತ್ಸೇತ್ಸ್ಕಳದು. ಅವಳು ಕೂದಲು ಬಾಚಿ, ಒಳ್ಳೆಯ ರವಿಕೆ ಹಾಕಿಕೊಂಡು ಬಂದಿದ್ದಳು. ಎದುರಿಗೆ ಟಗ್ ದೋಣಿ, ಚದುರಂಗ.

"ಇದೇನು, ನಾನು ಇಲ್ಲಿ ಆಟ ಆಡ್ಬೇಕಾ?"

ಅವಳು ಒಂದು ನಿಮಿಷ ಪರದೆ ನೋಡಿದಳು, ಒಂದು ನಿಮಿಷ ಗಂಡನನ್ನು ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಹೇಳಬೇಕಾದದ್ದೇನೂ ಇರಲಿಲ್ಲ.

"ಇನ್ನೂ ಅರ್ಧ ಗಂಟೆ ಇದೆ. ಅಳಿಸು."

"ವೆಲಿಕಕ್ಕ ಇನ್ನೇನು ಬರ್ತಾಳೆ, ತ್ಸೇತ್ಸ್ಕ. ಗೋಧಿ ಹಿಡ್ಕೊಂಡು ಬರ್ತಾಳೆ. ಬಂದು ಎಲ್ಲಿ ಕೂತ್ಕೋತಾಳೆ?"

"ನಾನೆಲ್ಲಿ ಕೂತ್ಕೊಳ್ಳಿ?"

ಹನ್ನೆರಡಕ್ಕೆ ಸೋಫಿಯಾದಿಂದ ಫೋನ್ ಬಂತು. "ನಾಲ್ಕು ಕಾಣ್ತಿದೆ. ಐದನೇದು?" ಎಂದಿತು ಹೆಣ್ಣು ದನಿ. ಸ್ಪಾಸ್ ಸೋಮವಾರದ ತನಕ ಬಿಡುವು ಕೇಳಿದ, ಎರಡು ಸಲ ಕೇಳಿದ. ಆಗುವುದಿಲ್ಲವೆಂದು ಅವಳು ವಿನಯದಿಂದಲೇ ಹೇಳಿ ಫೋನ್ ಇಟ್ಟಳು.

ತ್ಸೇತ್ಸ್ಕ ಎದ್ದು ಕೋಟು ಹಾಕಿಕೊಂಡಳು. "ಸತ್ತೋನ ಪೆಟ್ಟಿಗೆಗೆ ಇರೋ ಮರ್ಯಾದೆ, ಮನೇಲಿ ಬದುಕಿರೋಳಿಗಿಲ್ಲ" ಎಂದಳು. ಕೂಗಲಿಲ್ಲ, ಅಳಲಿಲ್ಲ. ಬೇರೆ ಹೆಂಗಸರೂ ಅವಳ ಹಿಂದೆಯೇ ಹೋದರು. ಅವರಲ್ಲಿ ಒಬ್ಬಳು ಹೊಸಿಲ ಮೇಲೆ ಉಗಿದು ಹೋದಳು. ಅವಳನ್ನು ನಾನು ತಪ್ಪೆನ್ನುವುದಿಲ್ಲ.

ಅರ್ಧ ಗಂಟೆಯ ಮೇಲೆ ವೆಲಿಕ ಬಂದಳು. ಕಪ್ಪು ಸ್ಕಾರ್ಫು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಸಕ್ಕರೆ, ಅಕ್ರೋಟು ಹಾಕಿದ ಗೋಧಿಯ ಕಾಗದದ ಲೋಟಗಳು. ನಾವಿಬ್ಬರೂ ಒಂದೊಂದು ತೆಗೆದುಕೊಂಡು "ದೇವರು ಅವನನ್ನು ಕ್ಷಮಿಸಲಿ" ಎಂದೆವು. ಸ್ಪಾಸ್ ಅಭ್ಯಾಸಬಲದಂತೆ ಕುರ್ಚಿ ಒರೆಸಿ ಎಳೆದ.

"ಏನಾಯ್ತೋ ನಿನಗೆ? ಮುಖ ಯಾಕೆ ಹಂಗಿದೆ?"

ನನಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಬಸ್ಸಿನ ವಿಷಯ ಕೂಡ. ವೆಲಿಕ ತಟ್ಟೆಯನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಸಿದಳು.

"ಅಯ್ಯೋ ನಿನ್ನ ಮನೆ ಹಾಳಾಗ! ಅವನು ಬದುಕಿದ್ದಾಗ ಹನ್ನೆರಡು ವರ್ಷ ಈ ದರಿದ್ರಕ್ಕೆ ಮುಖ, ನನಗೆ ಬೆನ್ನು. ಪೀಡೆ ತೊಲಗ್ಲಿ ಅಂತಲೇ ಕಣೋ ನಿಮಗೆ ಕೊಟ್ಟಿದ್ದು! ನನಗೆ ಚದುರಂಗ ಬರುತ್ತಾ?"

"ಮತ್ತೆ ಪ್ರತಿ ಗುರುವಾರ…"

"ನೀನು ಕುರ್ಚಿ ಒರೆಸಿ ಕೂರಿಸ್ತಿದ್ದೆ. ಪಾಪ, ಎಷ್ಟು ಪ್ರೀತಿಯಿಂದ ಇಟ್ಕೊಂಡಿದಾನೆ, ಎದ್ದು ಹೋದ್ರೆ ನೊಂದ್ಕೋತಾನೆ ಅಂತ ಕೂತಿರ್ತಿದ್ದೆ. ಒಂದು ಮಾತು ಕೇಳೋಕೆ ಏನಾಗಿತ್ತೋ ನಿನಗೆ? ಅಳಿಸೋ! ಈಗಲೇ ಅಳಿಸು, ನನ್ನ ಕಣ್ಣೆದುರಿಗೇ!"

ಸ್ಪಾಸ್ ಪೆನ್ ಡ್ರೈವ್ ಚುಚ್ಚಿದ. ನಾನು ತಡೆಯಲಿಲ್ಲ, ಏನಾದರೂ ಆದೀತೆಂಬ ಆಸೆ ನನಗೂ ಇತ್ತು. ಟಗ್ ದೋಣಿ ಹೋಯಿತು, ಆಟ ಹೋಯಿತು, ಉಬುಂಟು ಬಂತು. ಅವನು ರೆಮ್ಮಿನ ತೆರೆದು ಸರ್ವರಿನ ವಿಳಾಸ ಹೊಡೆದ, ಐದನೆಯ ಹೆಸರು ಹೊಡೆದ, ಗುಪ್ತಪದ ಹೊಡೆದ. ಈ ಖಾತೆಯನ್ನು ಮುಚ್ಚಲಾಗಿದೆ ಎಂದು ಬಂತು. ಸೋಫಿಯಾಗೆ ಫೋನ್ ಮಾಡಿದ. ಕೆಲಸ ಆಗಲೇ ಮುಂದಿನ ಊರಿಗೆ ಹೋಗಿತ್ತು.

ಶನಿವಾರ ಬೆಳಿಗ್ಗೆ ಮುಚ್ಚಿದ ಹೊಲಿಗೆ ಕಾರ್ಖಾನೆಯ ಎದುರು ಬಸ್ಸು ನಿಂತಿತ್ತು. ಹಿಂದಿನ ದಿನ ಬಂದಿದ್ದ ಬೇರೆ ನಾಲ್ವರು ಹೆಂಗಸರಲ್ಲಿ ಇಬ್ಬರು ಕಿಟಕಿ ಹಿಡಿದು ಆಗಲೇ ಒಳಗೆ ಕೂತಿದ್ದರು. ವೆಲಿಕ ದಾರಿಗೆಂದು ಒಂದು ಬುತ್ತಿ ತಂದಿದ್ದಳು, ತ್ಸೇತ್ಸ್ಕಳ ಮುಖ ನೋಡಲಾಗದೆ ನನ್ನ ಕೈಗೆ ಕೊಟ್ಟು ಹೋದಳು. ಸ್ಪಾಸ್ ಪೆಟ್ಟಿಗೆಯನ್ನು ಬಸ್ಸಿನ ಹೊಟ್ಟೆಗೆ ತಳ್ಳಿ ಬಂದು ಹೆಂಡತಿಯ ಎದುರು ನಿಂತ.

"ಕೊನೆಗೆ ಅಳಿಸಿದ್ಯಂತೆ" ಎಂದಳು ತ್ಸೇತ್ಸ್ಕ.

"ಹೂಂ."

"ಎಷ್ಟು ಹೊತ್ತು ಹಿಡೀತು?"

ಅವನು ಸುಳ್ಳು ಹೇಳಬಹುದಿತ್ತು. ಮೂರು ಗಂಟೆ ಎಂದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇಪ್ಪತ್ತೆರಡು ನಿಮಿಷ" ಎಂದ ಸ್ಪಾಸ್.

ಅವಳು ಅವನ ಕೋಟಿನ ಕಾಲರ್ ಸರಿಮಾಡಿ ಬಸ್ಸು ಹತ್ತಿದಳು.