ಕಡಲಡಿಯಲ್ಲಿ ಅಣ್ಣನ ಬೈಗುಳ

ನಮ್ಮಣ್ಣ ಬಾವಿಗೆ ಹಾರಿದರೆ ದಂಡೆಯ ಮೇಲಿದ್ದ ಹೆಂಗಸರು ಹರಕೆ ಹೊರುತ್ತಿದ್ದರು. ಅಷ್ಟು ಹೊತ್ತು ಮೇಲೆ ಬರುತ್ತಿರಲಿಲ್ಲ ಪುಣ್ಯಾತ್ಮ. ಸಿಂಗಟಗೆರೆಯಲ್ಲಿ ಯಾರ ಮನೆಯ ಕೊಡ ಬಾವಿಗೆ ಬಿದ್ದರೂ, ಕೊಕ್ಕೆಗಳ ಪಾತಾಳಗರಡಿ ಹುಡುಕುವ ಮೊದಲು ಅವನನ್ನು ಹುಡುಕುತ್ತಿದ್ದರು. ದೇವನೂರಿನವರು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿದ್ದೂ ಉಂಟು. ನೀರಿನೊಳಗೆ ಅವನ ಶಾಸ್ತ್ರ ಒಂದೇ: ಬಾಯಿ ಬಿಟ್ಟರೆ ಬಣ್ಣಗೇಡು. ಊರಿನ ಗಂಡುಹುಡುಗರಿಗೆಲ್ಲ ಉಸಿರು ಕಟ್ಟುವುದನ್ನು ಕಲಿಸಿದವನು ಅವನೇ. ಹೆಣ್ಣುಮಕ್ಕಳು ಬಾವಿಗಿಳಿಯುವ ಮಾತೇ ಇರಲಿಲ್ಲ. ನಾನು ಹುಡುಗರ ಅಂಗಿ ಚಡ್ಡಿ ಕಾಯುತ್ತಾ ಕೂರುತ್ತಿದ್ದೆ. ಅವನು ಏಳುವುದು ತಡವಾದರೆ ಕಿರುಚುತ್ತಿದ್ದೆ, ಎದ್ದ ಮೇಲೆ ಕಿರುಚಿದ್ದಕ್ಕೆ ಬೈಸಿಕೊಳ್ಳುತ್ತಿದ್ದೆ.

ಆಮೇಲೆ ಬೋರ್‌ವೆಲ್‌ಗಳು ಬಂದವು, ಬಾವಿ ಬತ್ತಿತು. ಅಣ್ಣ ತೆಂಗಿನ ತೋಟಕ್ಕೆ ಡ್ರಿಪ್ ಹಾಕಿಸಿ ಚೆನ್ನಾಗಿಯೇ ಬದುಕಿದ. ಆದರೆ ಮುಳುಗುವಷ್ಟು ನೀರು ಮತ್ತೆ ಅವನಿಗೆ ಸಿಗಲಿಲ್ಲ. ನಾನು ಮದುವೆಯಾಗಿ ಕಡೂರಿಗೆ ಬಂದು ಬ್ಲೌಸ್ ಹೊಲಿಯುವ ಅಂಗಡಿ ಇಟ್ಟೆ. ಹೋದ ಚಳಿಗಾಲದಲ್ಲಿ ಅಣ್ಣನ ಮಗಳು ನಮ್ಮಿಬ್ಬರನ್ನೂ ಅಂಡಮಾನಿಗೆ ಕರೆಸಿಕೊಂಡಳು. ಅವಳ ಗಂಡನಿಗೆ ಪೋರ್ಟ್ ಬ್ಲೇರ್‌ನಲ್ಲಿ ಕೆಲಸ. ಪಕ್ಕದ ದ್ವೀಪವೊಂದರಲ್ಲಿ ನಮಗೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಡೈವಿಂಗ್ ಬುಕ್ ಮಾಡಿಸಿ ತಾನೂ ಜೊತೆಗೆ ಬಂದಳು. ಅಣ್ಣ ಹೊರಡುವ ಮುನ್ನ ಕಡೂರಿನ ಕೊಬ್ಬರಿ ಮಂಡಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ, ಬಾವಿ ಮುಗೀತು ಇನ್ನು ಸಮುದ್ರ ಅಂತ. ನನಗೆ ಮಾತ್ರ, ನಿನಗ್ಯಾಕೆ ಇದೆಲ್ಲ, ದಡದಲ್ಲಿ ಕೂತು ಎಳನೀರು ಕುಡಿ ಅಂದ. ನಾನೂ ಇಳಿಯುತ್ತೇನೆ ಅಂದೆ. ಹಟಕ್ಕೇ ಅಂದೆ.

ನಮ್ಮನ್ನು ಇಳಿಸಬೇಕಾದವಳು ಬಿಸಿಲಿಗೆ ಕರಟಿದ ಮುಖದ ಒಬ್ಬ ಹುಡುಗಿ. ಹಿಂದಿ ಮಾತಾಡುತ್ತಿದ್ದಳು. ನನ್ನ ಅಂಗಡಿಯ ಪಕ್ಕದ ಮನೆಯವರ ದಖನಿ ಉರ್ದು ಕೇಳಿ ಕೇಳಿ ಪಳಗಿದ್ದರಿಂದ ಅವಳ ಮಾತು ನನಗೆ ಅರ್ಥವಾಗುತ್ತಿತ್ತು. ಮೈಗಂಟುವ ರಬ್ಬರಿನ ಉಡುಪು ಕೊಟ್ಟಳು. ಹಾಕಿಕೊಳ್ಳುವುದಕ್ಕಿಂತ ಮೊದಲು ಅದರ ಹೊಲಿಗೆಯನ್ನು ತಿರುಗಿಸಿ ನೋಡಿದೆ, ಒಂದು ಕಡೆಯೂ ಸುಕ್ಕಿಲ್ಲ. ಆಮೇಲೆ ಅವಳು ಹೇಳಿದ್ದು ಒಂದೇ ಮಾತು. ನೀರಿನೊಳಗೆ ಉಸಿರು ಕಟ್ಟಬಾರದು. ಬಾಯಲ್ಲಿ ಕಚ್ಚಿದ ನಳಿಗೆಯಿಂದ ಎಳೆಯುತ್ತಿರಬೇಕು, ಬಿಡುತ್ತಿರಬೇಕು. ಸಿಲಿಂಡರಿನ ಗಾಳಿಯನ್ನು ಎದೆಯಲ್ಲಿ ಕಟ್ಟಿಕೊಂಡು ಮೇಲೆ ಬಂದರೆ ಅದು ಉಬ್ಬಿ ಶ್ವಾಸಕೋಶವೇ ಹರಿದುಹೋಗಬಹುದು.

ಎದೆಮಟ್ಟದ ನೀರಿನಲ್ಲಿ ಮೊದಲು ಅಭ್ಯಾಸ. ಅಣ್ಣ ತಲೆ ಮುಳುಗಿಸಿದ. ಮುಳುಗಿಸಿದ್ದೇ ತಡ, ಉಸಿರು ಕಟ್ಟಿದ. ಹುಡುಗಿ ಅವನನ್ನು ಎಬ್ಬಿಸಿದಳು. ಕಟ್ಟೇ ಇಲ್ಲ ಎಂದು ವಾದ ಮಾಡಿದ. ಮತ್ತೆ ಮುಳುಗಿದ, ಮತ್ತೆ ಅದೇ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ನೀರು ಕಂಡೊಡನೆ ಆ ಎದೆ ತಾನೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಕೊನೆಗೆ ಹುಡುಗಿ ಕೈಮುಗಿದು, ಅಂಕಲ್, ಹೀಗಾದರೆ ಕೆಳಗೆ ಕರೆದುಕೊಂಡು ಹೋಗಲಾರೆ ಅಂದಳು. ನನಗೆ ಮರೆಯಲು ಏನೂ ಇರಲಿಲ್ಲ. ಹೇಳಿದ ಹಾಗೆ ಎಳೆದೆ, ಬಿಟ್ಟೆ. ಅಣ್ಣನನ್ನು ದೋಣಿಯಲ್ಲಿ ಕೂರಿಸಿ ನನ್ನನ್ನು ಇಳಿಸಿದಳು.

ಮೊದಲು ಬಂದದ್ದು ಸದ್ದು. ಸಮುದ್ರದ ಒಳಗೆ ಗವ್ವೆನ್ನುವ ಮೌನ ಇರುತ್ತದೆ ಎಂದುಕೊಂಡಿದ್ದೆ. ಪಕ್ಕದ ಮನೆಯಲ್ಲಿ ಯಾರೋ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಸುತ್ತಲೂ ಚಟಪಟ ಚಟಪಟ. ಹವಳದ ಸಂದಿಯಲ್ಲಿರುವ ಸಣ್ಣ ಸಿಗಡಿಗಳ ಸದ್ದಂತೆ, ಆಮೇಲೆ ಕೇಳಿ ತಿಳಿದೆ. ಕೆಳಗೆ ನೋಡಿದೆ. ಅಯ್ಯೋ ಶಿವನೇ, ನನ್ನ ಕಾಲಡಿಯಲ್ಲಿ ಒಂದು ಊರೇ ಇತ್ತು. ಇಡೀ ಆಯುಸ್ಸು ಬಣ್ಣಕ್ಕೆ ಬಣ್ಣ ಹೊಂದಿಸುತ್ತಾ ಬಂದವಳು ನಾನು, ಸೀರೆಗೆ ಯಾವ ದಾರ, ಯಾವ ಲೈನಿಂಗ್ ಎಂದು. ಅಲ್ಲಿ ನೀಲಿಯ ಪಕ್ಕಕ್ಕೆ ಅರಿಶಿನ, ಕಪ್ಪಿನ ಪಕ್ಕಕ್ಕೆ ಕಿತ್ತಳೆ, ಯಾರೂ ಒಪ್ಪದ ಜೋಡಿಗಳನ್ನು ಮೈಮೇಲೆ ಹೊತ್ತು ಮೀನುಗಳು ಸುಮ್ಮನೆ ತಮ್ಮ ಕೆಲಸಕ್ಕೆ ಹೋಗುತ್ತಿದ್ದವು. ಹಳದಿ ಮೀನುಗಳ ಒಂದು ದೊಡ್ಡ ಗುಂಪು ನನ್ನೆದುರು ಬಂದು ಎರಡಾಯಿತು, ನನ್ನ ಹಿಂದೆ ಹೋಗಿ ಮತ್ತೆ ಕೂಡಿಕೊಂಡಿತು. ಒಂದಕ್ಕೊಂದು ತಾಗಲಿಲ್ಲ.

ಬಂಡೆಯೊಂದರಲ್ಲಿ ಒರಳುಕಲ್ಲಿನಷ್ಟು ದೊಡ್ಡ ಚಿಪ್ಪು ಬಾಯಿ ತೆರೆದು ಕೂತಿತ್ತು. ಅಂಚೆಲ್ಲ ನೇರಳೆ ಮಖಮಲ್ಲು. ನನ್ನ ನೆರಳು ಬಿದ್ದೊಡನೆ ಮೆಲ್ಲಗೆ ಮುಚ್ಚಿಕೊಂಡಿತು. ನಾನು ಬಂದದ್ದು ಅದಕ್ಕೂ ತಿಳಿಯಿತಲ್ಲ ಎಂದು ಮೈ ಜುಮ್ಮೆಂದಿತು. ಇಷ್ಟೆಲ್ಲ ಇಲ್ಲಿ ಮೊದಲಿಂದಲೂ ಇತ್ತು, ನಾನು ಕಡೂರಿನಲ್ಲಿ ಹುಕ್ಕು ಹಚ್ಚುತ್ತಾ ಕೂತಿದ್ದಾಗಲೂ ಇತ್ತು. ಅಳು ಬಂತು. ಮುಖಕ್ಕೆ ಕಟ್ಟಿದ ಗಾಜಿನೊಳಗೆ ಕಣ್ಣೀರು ಬಂದರೆ ಒರೆಸಿಕೊಳ್ಳಲು ಆಗುವುದಿಲ್ಲ.

ಸಂಜೆ ಅಣ್ಣ ಮರಳಿನ ಮೇಲೆ ಕೂತಿದ್ದ. ಮಧ್ಯಾಹ್ನದ ಊಟ ಮುಟ್ಟಿರಲಿಲ್ಲ. ಸಮುದ್ರದ ಕಡೆ ನೋಡುತ್ತಲೇ ಹೇಳಿದ:

"ನೀರು ನನ್ನ ಒಲ್ಲೆ ಅಂದ್ಬಿಡ್ತಲ್ಲೇ."

ಕೆಳಗೆ ಹೇಗಿತ್ತು ಎಂದು ಕೇಳಿದ. ಬಾಯಿ ತೆರೆದೆ. ಬಣ್ಣ ಅಂದೆ, ಮೀನು ಅಂದೆ, ಮುಂದೆ ಮಾತು ಹೊರಡಲಿಲ್ಲ. ಅವನಿಗೆ ಸಿಟ್ಟು ನೆತ್ತಿಗೇರಿತು. ಇಡೀ ದಿನ ಗಿರಾಕಿಗಳ ತಲೆ ತಿನ್ನುವ ಬಾಯಿಗೆ ಈಗ ಲಕ್ವ ಹೊಡೆಯಿತಾ ಎಂದು ಶುರುಮಾಡಿದವನು ನನ್ನ ಉಪ್ಪಿಲ್ಲದ ಸಾರು, ನನ್ನ ಹಟ, ನಾನು ಚಿಕ್ಕಂದಿನಲ್ಲಿ ಕಳೆದ ಅವನ ಅಂಗಿ, ಒಂದನ್ನೂ ಬಿಡದೆ ಜಾಲಾಡಿದ. ಬೈಸಿಕೊಳ್ಳುವುದು ನನಗೆ ಹೊಸದಲ್ಲ. ಸುಮ್ಮನೆ ಅವನ ಎದೆಯನ್ನೇ ನೋಡುತ್ತಿದ್ದೆ. ಏರುತ್ತಿತ್ತು, ಇಳಿಯುತ್ತಿತ್ತು. ಬೈಯುವವನು ಉಸಿರು ಕಟ್ಟಲು ಸಾಧ್ಯವೇ ಇಲ್ಲ.

"ಅಣ್ಣ, ನಾಳೆ ನೀರೊಳಗೆ ನನ್ನ ಬೈತಾ ಇರು," ಅಂದೆ. "ಆ ನಳಿಗೆ ಬಾಯಲ್ಲಿ ಕಚ್ಕೊಂಡೇ ಬೈ. ನಿಲ್ಲಿಸ್ಬೇಡ."

ಹುಚ್ಚು ಹಿಡಿದಿದೆ ನಿನಗೆ ಅಂದ. ಆದರೆ ರಾತ್ರಿ ಊಟಕ್ಕೆ ಕೂತು ಅನ್ನ ಕಲಸಿದ.

ಬೆಳಿಗ್ಗೆ ಹುಡುಗಿಗೆ ಹೇಳಿದಾಗ ನಕ್ಕಳು. ಗುನುಗುತ್ತಿರಿ ಎಂದು ತಾನೂ ಕೆಲವರಿಗೆ ಹೇಳುವುದುಂಟು, ಬೈಯಲು ಮಾತ್ರ ಯಾರಿಗೂ ಹೇಳಿರಲಿಲ್ಲ ಅಂದಳು. ಎದೆಮಟ್ಟದ ನೀರಿನಲ್ಲಿ ಅಣ್ಣ ಮುಳುಗಿದ. ನೀರಿನ ಮೇಲೆ ಬುಳುಬುಳು ಗುಳ್ಳೆ ಎದ್ದವು, ನಿಲ್ಲದೆ ಎದ್ದವು. ಹುಡುಗಿ ನನ್ನ ಕಡೆ ತಿರುಗಿ ಸರಿ ಎಂದು ತಲೆಯಾಡಿಸಿದಳು. ಇದು ಕೊನೆಯ ಪ್ರಯತ್ನ, ಕೆಳಗೆ ಹೋಗಿ ಮತ್ತೆ ಉಸಿರು ಕಟ್ಟಿದರೆ ಅಲ್ಲಿಂದಲೇ ವಾಪಸ್ಸು ಎಂದು ಖಡಾಖಂಡಿತವಾಗಿ ಹೇಳಿ, ಅವನ ಬೆನ್ನಿನ ಸಿಲಿಂಡರ್ ಹಿಡಿದುಕೊಂಡು ಇಳಿದಳು.

ನಾನೂ ಅಣ್ಣನ ಮಗಳೂ ದೋಣಿಯಲ್ಲಿ ಉಳಿದೆವು. ನೀರಿನ ಮೇಲೆ ಎರಡು ಸಾಲು ಗುಳ್ಳೆ. ಒಂದು ಅಳೆದು ಹಾಕಿದ ಹೊಲಿಗೆಯ ಹಾಗೆ ಒಂದೇ ಸಮ, ಅದು ಹುಡುಗಿಯದು. ಇನ್ನೊಂದು ಗುಡುಗುಡು ಎಂದು ಒಡೆಯುತ್ತಿತ್ತು, ಅದು ನಮ್ಮವನದು. ಬೈಯಿ ನಮ್ಮಪ್ಪ, ನನ್ನ ವಂಶವನ್ನೆಲ್ಲ ಬೈಯಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅವನ ವಂಶವೂ ಅದೇ ಎನ್ನುವುದು ಆಗ ಹೊಳೆಯಲಿಲ್ಲ.

ಆಮೇಲೆ ಅವನ ಸಾಲು ನಿಂತುಹೋಯಿತು.

ಹುಡುಗಿಯ ಗುಳ್ಳೆಗಳಷ್ಟೇ ಬರುತ್ತಿದ್ದವು. ನಾನು ದೋಣಿಯ ಅಂಚು ಹಿಡಿದು ಬಗ್ಗಿದೆ. ಅಣ್ಣನ ಮಗಳು ನನ್ನ ಸೆರಗು ಹಿಡಿದುಕೊಂಡಳು. ಜೀವಕ್ಕೇನಾಗುತ್ತದೋ ಎಂಬ ಭಯ ಒಂದು, ಮತ್ತೆ ಆ ಮುಖ ಹೊತ್ತು ಮರಳಿನ ಮೇಲೆ ಕೂರುತ್ತಾನಲ್ಲ ಎಂಬ ಸಂಕಟ ಇನ್ನೊಂದು. ಅಷ್ಟರಲ್ಲಿ ನೀರು ಕುದಿದಂತೆ ಒಂದು ರಾಶಿ ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಈಗ ಅವು ಗುಡುಗುತ್ತಿರಲಿಲ್ಲ, ಉದ್ದಕ್ಕೆ, ನಿಧಾನವಾಗಿ ಬರುತ್ತಿದ್ದವು. ಅವರು ಮೇಲೆ ಬರುವವರೆಗೂ ಹಾಗೆಯೇ ಬಂದವು.

ದೋಣಿಗೆ ಹತ್ತಿಸಿಕೊಂಡಾಗ ಅಣ್ಣನ ಕಣ್ಣು ಕೆಂಪಾಗಿತ್ತು. ಯಾಕೆ ನಿಲ್ಲಿಸಿದೆ, ನನ್ನ ಪ್ರಾಣ ಹೋಗಿತ್ತಲ್ಲ ಎಂದು ರೇಗಿದೆ. ಆಮೆ ಬಂತು ಅಂದ. ಎರಡು ಕೈ ಅಗಲಿಸಿ ತೋರಿಸಿದ, ಸಾಲದೆಂದು ಇನ್ನೂ ಅಗಲಿಸಿದ. ಹತ್ತಿರ ಬಂದು ಅವನ ಮುಖವನ್ನೇ ನೋಡಿತಂತೆ. ಅದನ್ನು ಕಂಡು ಬೈಗುಳವೆಲ್ಲ ಮರೆತುಹೋಯಿತಂತೆ.

"ಮತ್ತೆ ಉಸಿರು ಹೆಂಗ್ ಬಿಟ್ಟೆ?" ಅಂದೆ.

"ನಿನ್ನ ಕರೆದೆ ಕಣೇ," ಅಂದ. "ಬಾರೇ, ಇಲ್ಲಿ ನೋಡು ಬಾ ಅಂತ. ಮೇಲಕ್ಕೆ ಬರೋಗಂಟ ಕರೀತಾನೇ ಇದ್ದೆ."